ಐಸಿನ ಮೇಲೆ ಅಕ್ಕಿಕಾಳು

ನನಗೆ ಹೊಟ್ಟೆಕಿಚ್ಚು ಸ್ವಲ್ಪ ಜಾಸ್ತಿ. ಊರವರು ಹೇಳುವ ಮೊದಲು ನಾನೇ ಹೇಳಿಬಿಡುವುದು ಒಳ್ಳೆಯದು. ಹಾಗಂತ ಕಂಡಕಂಡವರನ್ನೆಲ್ಲ ನೋಡಿ ಉರಿದುಕೊಳ್ಳುವವಳಲ್ಲ. ಎದುರು ಮನೆಯವರು ಮಾಳಿಗೆ ಕಟ್ಟಿಸಿದಾಗ ನಾನೇ ಹೋಗಿ ತೋರಣ ಕಟ್ಟಿಕೊಟ್ಟು ಬಂದಿದ್ದೇನೆ. ನನ್ನ ಹೊಟ್ಟೆಕಿಚ್ಚೆಲ್ಲ ಒಬ್ಬಳಿಗೇ ಮೀಸಲು. ಅವಳು ನನ್ನ ಮೈದುನನ ಹೆಂಡತಿ, ನನ್ನ ನೆಗೆಣ್ಣಿ.

ಹಾರೂಗೇರಿಯಲ್ಲಿ ನಮ್ಮದು ಕೂಡಿದ ಮನೆ. ಮುಂದಿನ ಪಡಸಾಲೆಯಲ್ಲಿ ನನ್ನ ಹೊಲಿಗೆ ಮಷಿನ್, ಹಿತ್ತಲಲ್ಲಿ ಎರಡು ಎಮ್ಮೆ, ನಡುವೆ ನಾವೆಲ್ಲ. ಹತ್ತು ವರ್ಷ ನನ್ನ ಕೈಯ ರೊಟ್ಟಿ ತಿಂದು ಒಂದು ಮಾತೂ ಆಡದ ಅತ್ತೆ, ಅವಳು ಬಂದ ಎಂಟೇ ದಿನಕ್ಕೆ, "ರೊಟ್ಟಿ ಅಂದ್ರ ಹಿಂಗ ಇರಬೇಕ ನೋಡು," ಅಂದರು. ನನ್ನನ್ನು ಕಂಡರೆ ಒದೆಯುವ ಎಮ್ಮೆ ಅವಳು ಮೈ ಸವರಿದರೆ ಸಾಕು, ಚರಿಗೆ ತುಂಬ ಹಾಲು ಕೊಡುತ್ತದೆ. ಬ್ಲೌಸು ಹೊಲಿಸಲು ಬಂದ ಹೆಂಗಸರು ನನಗೆ ಅಳತೆ ಕೊಟ್ಟು, ಒಳಗೆ ಹೋಗಿ ಅವಳ ಹತ್ತಿರ ತಾಸುಗಟ್ಟಲೆ ಮಾತಾಡುತ್ತಾರೆ. ಅವಳಾದರೂ ಮೆರೆಯುತ್ತಾಳೆಯೇ ಎಂದರೆ ಅದೂ ಇಲ್ಲ. ಮೆರೆದಿದ್ದರೆ ನನಗೆ ಜಗಳ ತೆಗೆಯಲು ಒಂದು ನೆಪವಾದರೂ ಸಿಗುತ್ತಿತ್ತು.

ಆ ಮನೆಯಲ್ಲಿ ನನ್ನದೇ ಎನ್ನುವಂಥದ್ದು ಒಂದೇ ಇತ್ತು. ಐಸಿನ ಮೇಲೆ ಸ್ಕೇಟಿಂಗ್ ಮಾಡುವ ಒಬ್ಬ ಪರದೇಶದ ಹೆಣ್ಣುಮಗಳು.

ಅವಳು ನನಗೆ ಸಿಕ್ಕಿದ್ದು ಒಂದು ತೋಳಿನ ದೆಸೆಯಿಂದ. ಮದುವೆ ಬ್ಲೌಸಿಗೆ ನೆಟ್ಟಿನ ತೋಳೇ ಬೇಕೆಂದು ಗಿರಾಕಿಯೊಬ್ಬಳು ಹಟ ಹಿಡಿದಿದ್ದಳು. ಮೊಬೈಲಿನಲ್ಲಿ ಮಾದರಿ ಹುಡುಕುತ್ತಿದ್ದಾಗ, ಐಸಿನ ಮೇಲೆ ಬುಗುರಿಯಂತೆ ತಿರುಗುತ್ತಿದ್ದ ಇವಳು ಕಂಡಳು. ಮೈಬಣ್ಣದ ನೆಟ್ಟು, ಅದರ ಮೇಲೆ ಸಣ್ಣ ಸಣ್ಣ ಮಣಿ. ಇಷ್ಟು ತಿರುಗಿದರೂ ಕಂಕುಳಲ್ಲಿ ಹೊಲಿಗೆ ಬಿಚ್ಚುವುದಿಲ್ಲವಲ್ಲ, ಹೇಗೆ ಎಂದು ನೋಡಲು ಕೂತೆ. ಎರಡನೆಯ ಸಲವೂ ಕಂಕುಳನ್ನೇ ನೋಡಿದೆ. ಮೂರನೆಯ ಸಲ ಅವಳ ಮುಖ ನೋಡಿದೆ, ಆಮೇಲೆ ಬಿಡಲಾಗಲಿಲ್ಲ.

ವರ್ಷಗಟ್ಟಲೆ ನೋಡಿದೆ. ಕಾಜಾ ಮಾಡುತ್ತ, ಹುಕ್ಕು ಹಚ್ಚುತ್ತ ನೋಡಿದೆ. ಯಾವ ಜಿಗಿತ ಯಾವ ಕಾಲಿನಿಂದ, ಎಷ್ಟು ಸುತ್ತು, ಇಳಿಯುವಾಗ ಮೊಣಕಾಲು ಎಷ್ಟು ಬಾಗಬೇಕು, ಎಲ್ಲ ಕಲಿತೆ. ಅವಳು ಯಾವತ್ತೂ ಮೊದಲು ಬಂದವಳಲ್ಲ. ಎರಡನೆಯವಳು, ಇಲ್ಲವೆ ಮೂರನೆಯವಳು. ಪ್ರತಿ ಸಲ ಮೊದಲು ಬರುತ್ತಿದ್ದ ಹಲ್ಲುಕಿರುಕಿಯನ್ನು ನಾನು ಬೈದಷ್ಟು ಇವಳ ಹೆತ್ತ ತಾಯಿಯೂ ಬೈದಿರಲಿಕ್ಕಿಲ್ಲ. ಇನ್ನೊಂದು ಸಂಗತಿಯನ್ನೂ ಆಗಲೇ ತಿಳಿದುಕೊಂಡಿದ್ದೆ. ಅವರ ಉಡುಪಿನಿಂದ ಏನಾದರೂ ಕಳಚಿ ಐಸಿನ ಮೇಲೆ ಬಿದ್ದರೆ ಅಂಕ ಕಳೆಯುತ್ತಾರೆ. ಯಾಕೆಂದರೆ ಬೂಟಿನ ಅಲಗಿಗೆ ಒಂದು ಮಣಿ ಸಿಕ್ಕರೂ ಸಾಕು, ಆಳು ಉರುಳುತ್ತದೆ. ಅದು ಗೊತ್ತಾದ ದಿನದಿಂದ ನಾನು ಪ್ರತಿ ಮಣಿಗೂ ಎರಡೆರಡು ಗಂಟು ಹಾಕತೊಡಗಿದೆ. ನಮ್ಮ ಗಿರಾಕಿಗಳು ಆ ಬ್ಲೌಸು ತೊಟ್ಟು ಮಂಗಲ ಕಾರ್ಯಾಲಯದ ಕುರ್ಚಿ ಬಿಟ್ಟು ಏಳುವುದಿಲ್ಲ, ಅದು ಬೇರೆ ಮಾತು.

ಮನೆಯವರೆಲ್ಲ ಅವಳನ್ನು "ನಿನ್ನ ಬರ್ಫಿನಾಕಿ", ಅಂದರೆ ಐಸಿನವಳು, ಎಂದು ಚೇಷ್ಟೆ ಮಾಡುತ್ತಿದ್ದರು. ಆಡಿಕೊಂಡರೂ, ಟಿವಿಯಲ್ಲಿ ಎಲ್ಲಾದರೂ ಸ್ಕೇಟಿಂಗ್ ಬಂದರೆ ನನ್ನನ್ನೇ ಕರೆದು ಕೇಳುತ್ತಿದ್ದರು. ಆಗ ಅತ್ತೆಯೂ ಬಾಯಿ ಮುಚ್ಚಿಕೊಂಡು ನಾನು ಹೇಳಿದ್ದನ್ನು ಕೇಳುತ್ತಿದ್ದರು.

ಕಳೆದ ಚಳಿಗಾಲದಲ್ಲಿ ಮೊಬೈಲಿನಲ್ಲಿ ಸುದ್ದಿ ಬಂತು. ಸ್ಪರ್ಧೆ ಬಿಟ್ಟ ಹಳೆಯ ಆಟಗಾರರ ತಂಡವೊಂದು ಊರೂರು ತಿರುಗುತ್ತ ಶೋ ಮಾಡುತ್ತಿದೆ, ಕೊಲ್ಲಾಪುರಕ್ಕೂ ಬರುತ್ತದೆ. ಪೋಸ್ಟರಿನಲ್ಲಿ ನಾಲ್ಕನೆಯ ಮುಖ ನನ್ನ ಬರ್ಫಿನಾಕಿಯದು, ನನ್ನಾಕೆಯದು. ನಾನು ಖಣದ ಬಟ್ಟೆ ತಂದು ಅವಳಿಗೊಂದು ತೋಳಿಲ್ಲದ ಜಾಕೀಟು ಹೊಲಿಯಲು ಕೂತೆ. ಅಳತೆ ಕೊಡಲು ಅವಳೇನು ನಮ್ಮ ಪಡಸಾಲೆಗೆ ಬರುತ್ತಾಳೆಯೇ? ವಿಡಿಯೋ ನಿಲ್ಲಿಸಿ ನಿಲ್ಲಿಸಿ ಭುಜ, ಎದೆ, ಸೊಂಟ ಅಂದಾಜು ಮಾಡಿದೆ. ಶೋ ಮುಗಿದ ಮೇಲೆ ಆಟಗಾರರು ಅಂಚಿಗೆ ಬಂದು ಜನರ ಕೈಕುಲುಕುತ್ತಾರೆಂದು ಗೊತ್ತಿತ್ತು. ಆಗ ಅವಳ ಕೈಯಲ್ಲೇ ಕೊಡಬೇಕು, ಅವಳು ನನ್ನನ್ನು ಒಂದು ಸಲ ನೋಡಬೇಕು. ನನಗೆ ಬೇಕಾಗಿದ್ದು ಅಷ್ಟೇ.

ಅಷ್ಟರಲ್ಲಿ ಅತ್ತೆ ಒಂದು ಏರ್ಪಾಡು ಮಾಡಿಬಿಟ್ಟರು. ಅದೇ ದಿನ ನೆಗೆಣ್ಣಿಯ ತವರು ನಿಪ್ಪಾಣಿಯಲ್ಲಿ ಅವಳ ಚಿಕ್ಕಪ್ಪನ ಮಗಳ ಮದುವೆ. "ಮಧ್ಯಾಹ್ನ ಇಬ್ಬರೂ ಲಗ್ನ ಮುಗಸರಿ, ಹಂಗ ಮುಂದ ಕೊಲ್ಲಾಪುರಕ್ಕ ಹೋಗಿ ಬರ್ರಿ. ಆಕೀನೂ ನೋಡಲಿ," ಅಂದರು. ನಾನು ಹಲ್ಲು ಕಚ್ಚಿಕೊಂಡು ಹೂಂ ಅಂದೆ. ನೆಗೆಣ್ಣಿ ಖುಷಿಯಿಂದ, "ಅಕ್ಕಾರ, ನಿಮ್ಮ ಬರ್ಫಿನಾಕಿನ್ನ ನಾನೂ ನೋಡಿಧಂಗ ಆತು," ಅಂದಳು.

ನಿಪ್ಪಾಣಿಯ ಮಂಗಲ ಕಾರ್ಯಾಲಯದಲ್ಲಿ ಅಕ್ಕಿಕಾಳಿನ ಹೊತ್ತಿಗೆ ಎಲ್ಲರ ಕೈಗೂ ಅರಿಸಿನ ಕುಂಕುಮ ಹಚ್ಚಿದ ಅಕ್ಕಿ ಹಂಚಿದರು. ಮಂಗಲಾಷ್ಟಕದ ಒಂದೊಂದು ಕೊನೆಗೂ ಚಿಟಿಕೆ ಚಿಟಿಕೆ ಒಗೆಯುತ್ತ ಹೋಗಬೇಕು. ನೆಗೆಣ್ಣಿ ಯಾರದೋ ಅಳುವ ಕೂಸನ್ನು ಎತ್ತಿಕೊಂಡು ಹೊರಗೆ ನಿಂತವಳು ಒಳಗೆ ಬರುವಷ್ಟರಲ್ಲಿ ಮಂಗಲಾಷ್ಟಕ ಮುಗಿದು ಬಾಜಾ ಬಾರಿಸಿಬಿಟ್ಟಿದ್ದರು. ಮುಷ್ಟಿ ತುಂಬ ಅಕ್ಕಿ ಹಾಗೇ ಉಳಿಯಿತು. "ನೆಲಕ್ಕ ಚೆಲ್ಲಬಾರದ್ರಿ, ಹಾದ್ಯಾಗ ಹಕ್ಕಿಗೆ ಹಾಕ್ತೇನಿ," ಎಂದು ಸೆರಗಿನ ತುದಿಗೆ ಗಂಟು ಕಟ್ಟಿಕೊಂಡಳು. ನಾನು ಗಡಿಯಾರ ನೋಡುತ್ತಿದ್ದೆ. ಊಟದ ಪಂಕ್ತಿಯಿಂದ ಅವಳನ್ನು ಎಬ್ಬಿಸಿಕೊಂಡು ಬಸ್ಸು ಹತ್ತಿಸುವಷ್ಟರಲ್ಲಿ ಸಾಕುಸಾಕಾಯಿತು. ಅವಳ ಬಳಗದವರು ಒಬ್ಬೊಬ್ಬರೂ ಬಂದು ಅವಳ ಗಲ್ಲ ಹಿಡಿದು ಮಾತಾಡಿಸಿ, ನನಗೆ ಕೈ ಮುಗಿದು ಹೋದರು.

ಕೊಲ್ಲಾಪುರದ ಮೈದಾನದಲ್ಲಿ ದೊಡ್ಡ ಬಿಳಿ ಡೇರೆ. ಒಳಗೆ ಕಾಲಿಟ್ಟರೆ ಚಳಿ ಮೈಗೆ ಕಚ್ಚಿತು. ನಾವಿಬ್ಬರೂ ರೇಷ್ಮೆ ಸೀರೆಯಲ್ಲಿ ಗಡಗಡ ನಡುಗಿದೆವು. ಐಸು ನಾನು ಅಂದುಕೊಂಡದ್ದಕ್ಕಿಂತ ಸಣ್ಣದು, ನಮ್ಮ ಹೊಲದ ಕಣದ ಎರಡರಷ್ಟು ಇದ್ದೀತು. ನಮ್ಮ ಜಾಗ ಐಸಿನ ಸುತ್ತ ಕಟ್ಟಿದ ಹಲಗೆಯ ಹತ್ತಿರವೇ ಇತ್ತು. ಆಟ ಶುರುವಾಗಿ ಬೂಟಿನ ಅಲಗುಗಳು ಐಸಿನ ಮೇಲೆ ಓಡಿದಾಗ, ಮೊಬೈಲಿನಲ್ಲಿ ಯಾವತ್ತೂ ಕೇಳದ ಸದ್ದು ಕಿವಿಗೆ ಬಿತ್ತು. ಹೊಸ ಬಟ್ಟೆಯಲ್ಲಿ ಕತ್ತರಿ ಓಡುವ ಸದ್ದು, ಹಾಗೇ ಇತ್ತು. ನನ್ನ ಕಣ್ಣಲ್ಲಿ ನೀರು ಬಂತು. ನೆಗೆಣ್ಣಿ, "ಥಂಡಿಗೇನ್ರಿ ಅಕ್ಕಾರ?" ಎಂದು ತನ್ನ ಸೆರಗನ್ನು ನನಗೆ ಹೊದಿಸಲು ಬಂದಳು. ನಾನು ಸರಿಸಿದೆ.

ನನ್ನಾಕೆ ಬಂದಳು. ವಯಸ್ಸಾಗಿತ್ತು. ಸೊಂಟ ತುಸು ತುಂಬಿತ್ತು, ನನ್ನ ಜಾಕೀಟು ಅಲ್ಲಿ ಬಿಗಿಯಾದೀತು ಎಂದು ಒಂದೇ ನೋಟಕ್ಕೆ ಗೊತ್ತಾಯಿತು. ಒಳಗೆ ಬಟ್ಟೆ ಬಿಟ್ಟಿದ್ದೇನೆ, ಬಿಚ್ಚಿ ಹೊಲಿಯಬಹುದು. ಆದರೆ ಇಳಿಯುವಾಗ ಬಾಗುವ ಆ ಮೊಣಕಾಲು ಮಾತ್ರ ಅದೇ. ನಾನು ಉಸಿರು ಬಿಗಿಹಿಡಿದು ಕೂತಿದ್ದೆ. ನೆಗೆಣ್ಣಿ ಎದ್ದು ನಿಂತು, ಸಂತೆಯಲ್ಲಿ ಬೀಗರು ಕಂಡವರ ಹಾಗೆ ಎರಡೂ ಕೈ ಬೀಸಿದಳು, "ಇಲ್ಲಿ! ಇಲ್ಲಿ ನೋಡವಾ!" ನನ್ನಾಕೆ ತಿರುಗಿದಳು, ನಕ್ಕಳು, ಬೆರಳು ಮಾಡಿ ಅವಳಿಗೆ ಮುತ್ತು ತೂರಿದಳು. ಅವಳಿಗೆ! ಆ ಹೆಣ್ಣುಮಗಳ ಒಂದು ಜಿಗಿತದ ಹೆಸರೂ ಗೊತ್ತಿಲ್ಲದವಳಿಗೆ.

ಸ್ವಲ್ಪ ಹೊತ್ತಿಗೆ ಮದುವೆಯ ಆಟ ಶುರುವಾಯಿತು. ನನ್ನಾಕೆ ಬಿಳಿ ಉಡುಪು, ತಲೆಯ ಮೇಲೆ ಬಿಳಿ ಮುಸುಕು, ಜೊತೆಗೆ ಕಪ್ಪು ಕೋಟಿನ ಎತ್ತರದ ಆಳು. ಅವನು ಉಂಗುರ ತೊಡಿಸುವಂತೆ ಅಭಿನಯಿಸಿದ. ಸಂಗೀತ ಏರಿತು, ಜನ ಚಪ್ಪಾಳೆ ತಟ್ಟಿದರು. ಇಬ್ಬರೂ ಕೈ ಹಿಡಿದು ನಮ್ಮ ಅಂಚಿನತ್ತ ಬರುತ್ತಿದ್ದರು. ಆಗ ನೆಗೆಣ್ಣಿಯ ಕೈ ಸೆರಗಿನ ಗಂಟು ಬಿಚ್ಚುವುದು ಕಂಡಿತು.

ನನಗೆ ತಕ್ಷಣ ತಿಳಿಯಿತು. ಅವಳ ಮಣಿಕಟ್ಟು ನನ್ನ ಕೈಯಿಂದ ಒಂದು ಗೇಣು ದೂರ. ಬೇಡ ಎನ್ನಲು ಎಷ್ಟು ಹೊತ್ತು ಬೇಕು? ಅಕ್ಕಿ ಹಿಡಿದುಕೊಂಡು ಅವಳೊಮ್ಮೆ ನನ್ನತ್ತ ತಿರುಗಿದಳು. ನಾನು ಸುಮ್ಮನೆ ಐಸಿನ ಕಡೆ ನೋಡಿದೆ. ಒಗೆಯಲಿ. ಒಮ್ಮೆಯಾದರೂ ಇಷ್ಟು ಜನರ ಎದುರು ಇವಳು ಪೆದ್ದಿ ಅನ್ನಿಸಿಕೊಳ್ಳಲಿ, ಬೈಸಿಕೊಳ್ಳಲಿ. ನನ್ನಾಕೆ ಬೀಳಲಿ ಎಂದು ನಾನು ಬಯಸಿರಲಿಲ್ಲ, ಆಣೆ ಮಾಡಿ ಹೇಳುತ್ತೇನೆ. ಬೀಳಬಹುದು ಎಂದು ಗೊತ್ತಿರಲಿಲ್ಲ ಅಂತ ಮಾತ್ರ ಆಣೆ ಮಾಡಲಾರೆ.

ಅಕ್ಕಿ ಹಾರಿ ಅವರ ದಾರಿಯಲ್ಲಿ ಬಿತ್ತು. ಆ ಸುತ್ತಿನಲ್ಲಿ ಏನೂ ಆಗಲಿಲ್ಲ. ಮುಂದಿನ ಸುತ್ತಿಗೆ ನನ್ನಾಕೆ ಹಿಂದುಹಿಂದಕ್ಕೆ ಜಾರುತ್ತ ಬಂದಳು. ಅಲಗು ಕರಕ್ಕೆಂದಿತು. ಅವಳು ಅಂಗಾತ ಬಿದ್ದಳು, ಮುಸುಕು ಒಂದು ಕಡೆ, ಅವಳೊಂದು ಕಡೆ.

ಸಂಗೀತ ನಿಂತಿತು. ಮೈಕಿನಲ್ಲಿ ಯಾರೋ ಮರಾಠಿಯಲ್ಲಿ, ಆಮೇಲೆ ಹಿಂದಿಯಲ್ಲಿ, ಐಸಿನ ಮೇಲೆ ಏನೂ ಎಸೆಯಬೇಡಿ ಎಂದು ಗದರಿದರು. ಪೊರಕೆ ಹಿಡಿದು ಇಬ್ಬರು ಓಡಿಬಂದರು. ತಂಡದ ಮರಾಠಿ ಹೆಣ್ಣುಮಗಳೊಬ್ಬಳು ನಮ್ಮತ್ತ ಬಂದು, "ಕಾಯ್ ಟಾಕ್ಲಂತ್ ತುಮ್ಹೀ?" ಎಂದಳು, ಏನು ಎಸೆದಿರಿ ಎಂದು. ಎಲ್ಲರ ಕಣ್ಣೂ ನೆಗೆಣ್ಣಿಯ ಮೇಲೆ. ನಾನು ಬಯಸಿದ್ದು ಬಯಸಿದಂತೆಯೇ ಆಗುತ್ತಿತ್ತು. ಆದರೆ ನನ್ನಾಕೆ ಸೊಂಟ ಹಿಡಿದುಕೊಂಡು ಏಳಲು ಒದ್ದಾಡುತ್ತಿದ್ದಳು, ಅದನ್ನು ನೋಡಲು ನನ್ನಿಂದಾಗಲಿಲ್ಲ.

ನೆಗೆಣ್ಣಿ ಅವಿತುಕೊಳ್ಳಲಿಲ್ಲ. ಅಳುತ್ತ ಹಲಗೆಯವರೆಗೆ ಹೋಗಿ, ಕೈ ಮುಗಿದು, ತವರಿನ ಮರಾಠಿಯಲ್ಲಿ ಗಳಗಳ ಹೇಳಿದಳು. ಅಕ್ಷತೆ, ಮದುವೆಯಲ್ಲಿ ಹಾಕುತ್ತೇವೆ, ಚೆನ್ನಾಗಿ ಬಾಳಲಿ ಎಂದು ಹಾಕಿದೆ, ನನ್ನದು ತಪ್ಪಾಯಿತು. ನನ್ನ ತವರಿನ ಕಡೆ ಮರಾಠಿಯಿಲ್ಲ, ನನ್ನ ಮರಾಠಿ ಬಸ್ಸು ಕೇಳುವಷ್ಟು ಮಾತ್ರ. ಆ ಹೆಣ್ಣುಮಗಳು ಅದನ್ನೆಲ್ಲ ಇಂಗ್ಲಿಷಿನಲ್ಲಿ ನನ್ನಾಕೆಗೆ ತಿಳಿಸಿದಳು. ನನ್ನಾಕೆ ಕೇಳಿದಳು. ಕೋಪ ಮಾಡಿಕೊಳ್ಳಬಾರದೇ! ಕುಂಟುತ್ತ ಅಂಚಿಗೆ ಬಂದು, ಕೈಗವಸಿಗೆ ಅಂಟಿದ್ದ ನಾಲ್ಕು ಕಾಳನ್ನು ತನ್ನ ತಲೆಯ ಮೇಲೆ ತಾನೇ ಹಾಕಿಕೊಂಡು, ನೆಗೆಣ್ಣಿಯನ್ನು ಬಾಚಿ ತಬ್ಬಿಕೊಂಡಳು. ಡೇರೆಗೆ ಡೇರೆಯೇ ಚಪ್ಪಾಳೆ ತಟ್ಟಿತು. ಎಷ್ಟೋ ಜನ ಮೊಬೈಲ್ ಹಿಡಿದು ವಿಡಿಯೋ ತೆಗೆದರು. ನಾನು ಎರಡು ಮಾರು ದೂರದಲ್ಲಿ ಜಾಕೀಟಿನ ಚೀಲ ತಬ್ಬಿಕೊಂಡು ಕೂತಿದ್ದೆ.

ಆಟ ಮುಂದುವರಿಯಿತು. ಕೊನೆಗೆ ಎಲ್ಲರೂ ಅಂಚಿಗೆ ಬಂದು ಕೈಕುಲುಕತೊಡಗಿದಾಗ ನೆಗೆಣ್ಣಿ ನನ್ನ ತೋಳು ಹಿಡಿದು ಎಳೆದಳು.

"ಅಕ್ಕಾರ, ಜಾಕೀಟು ತಗೀರಿ! ಲಗೂನ ಬರ್ರಿ, ಆಕಿ ಈಗ ನನ್ನ ಗುರ್ತ ಹಿಡಿತಾಳ. ನಿಮ್ಮನ್ನ ನಾ ಭೆಟ್ಟಿ ಮಾಡಸ್ತೇನಿ."

ಇವಳು ನನ್ನನ್ನು ನನ್ನಾಕೆಗೆ ಪರಿಚಯ ಮಾಡಿಸುತ್ತಾಳಂತೆ.

"ತಂದಿಲ್ಲ," ಅಂದೆ. "ಮನ್ಯಾಗ ಮರತ ಬಂದೇನಿ."

ಜಾಕೀಟು ನನ್ನ ಮಡಿಲಲ್ಲಿದ್ದ ಚೀಲದಲ್ಲೇ ಇತ್ತು. ಅವಳು ಪಾಪ ಅಂದು, ಒಬ್ಬಳೇ ಹೋಗಿ ಕೈ ಕೊಟ್ಟು ಬಂದಳು.

ಸಂಜೆಯ ಬಸ್ಸು ಹತ್ತಿ ಕಾಗಲ್ ದಾಟಿದೆವು. ಆಮೇಲೆ ಅವಳು ಮೆಲ್ಲಗೆ ಕೇಳಿದಳು, "ಅಕ್ಕಾರ, ನಾ ಗಂಟ ಬಿಚ್ಚೂದು ನೀವು ನೋಡಿದ್ರಿ, ಹೌದಿಲ್ಲೋ?"

ನಾನು ಕಿಟಕಿಯ ಹೊರಗೆ ನೋಡುತ್ತ ಹೂಂ ಅಂದೆ.

"ಒಗೀಲೋ ಬ್ಯಾಡೋ ಅಂತ ನಿಮ್ಮ ಮಾರಿ ನೋಡಿದ್ನಿರಿ. ಆಟದ್ದೆಲ್ಲಾ ನಿಮಗ ಗೊತ್ತಲ್ಲ. ನೀವು ಸುಮ್ನ ಇದ್ರಿ. ಹಂಗಂದ್ರ ಅವರ ಮಂದ್ಯಾಗೂ ಒಗೀತಾರ ಅನಕೊಂಡು ಒಗದ್ನಿ."

ಅವಳ ದನಿಯಲ್ಲಿ ತಪ್ಪು ಹೊರಿಸುವ ಚೂರು ಎಳೆಯೂ ಇರಲಿಲ್ಲ. ಅವಳೇ ನನ್ನ ಕೈ ಹಿಡಿದು, "ಇರ್ಲಿ ಬಿಡ್ರಿ. ನಿಮಗೂ ಇದೊಂದು ಗೊತ್ತಿರಲಿಲ್ಲ ಅಂತ ಕಾಣಸ್ತೈತಿ," ಅಂದಳು.

ಗೊತ್ತಿತ್ತು ಎಂದರೆ ನಾನು ಎಂಥವಳು ಎಂದು ಅವಳಿಗೆ ತಿಳಿಯುತ್ತಿತ್ತು. ಗೊತ್ತಿರಲಿಲ್ಲ ಎಂದರೆ ಆ ಮನೆಯಲ್ಲಿ ನನ್ನದೆಂದು ಇದ್ದ ಒಂದೇ ಒಂದನ್ನು ನಾನೇ ಬಿಟ್ಟುಕೊಟ್ಟಂತೆ. ಮಡಿಲಿನ ಚೀಲವನ್ನು ಸೀಟಿನ ಕೆಳಗೆ ಸರಿಸಿದೆ.

"ಹೌದವಾ," ಅಂದೆ, "ನನಗೂ ಗೊತ್ತಿರಲಿಲ್ಲ."

ಮನೆಗೆ ಹೋದ ಮೇಲೆ ಅವಳು ಅತ್ತೆಗೆ ಎಲ್ಲ ಹೇಳಿದಳು, ನನ್ನನ್ನು ಉಳಿಸುವ ಹಾಗೆಯೇ ಹೇಳಿದಳು, "ಅಕ್ಕಾರಿಗೂ ಗೊತ್ತಿರಲಿಲ್ರಿ, ಅವರದೇನೂ ತಪ್ಪಿಲ್ಲ." ಅವಳನ್ನು ನನ್ನಾಕೆ ತಬ್ಬಿಕೊಂಡ ವಿಡಿಯೋ ಇಡೀ ಹಾರೂಗೇರಿ ನೋಡಿತು. ಈಗ ಟಿವಿಯಲ್ಲಿ ಸ್ಕೇಟಿಂಗ್ ಬಂದರೆ ಅತ್ತೆ ಅವಳನ್ನೇ ಕೂಗಿ ಕರೆಯುತ್ತಾರೆ. ಅವಳು ಕೈ ಒರೆಸಿಕೊಳ್ಳುತ್ತ ಬಂದು, ಯಾವ ಜಿಗಿತವನ್ನು ಯಾವುದೋ ಅನ್ನುತ್ತಾಳೆ, ಎರಡು ಸುತ್ತು ಇದ್ದಲ್ಲಿ ಮೂರು ಅನ್ನುತ್ತಾಳೆ, ಆಮೇಲೆ ನನ್ನ ಕಡೆ ತಿರುಗಿ, "ಹೌದಲ್ರಿ ಅಕ್ಕಾರ?" ಎಂದು ಕೇಳುತ್ತಾಳೆ.

ನಾನು ಮಷಿನ್ ತುಳಿಯುತ್ತ, ಹೌದು ಅನ್ನುತ್ತೇನೆ.