ಸಂತಾಪವೆಂದು ಬರೆದು ಕಳಿಸಿದ್ದು

ನಾನು ಕನ್ನಡ ಶಾಲೆಯಲ್ಲಿ ಓದಿ, ಭಾಲ್ಕಿ ಕಡೆಯಿಂದ ಗಡಿಯಾಚೆ ಮರಾಠಿ ಸೀಮೆಯ ಉಮರ್ಗಾಕ್ಕೆ ಸೊಸೆಯಾಗಿ ಬಂದವಳು. ಉದಗೀರಕ್ಕೆ ಕೊಟ್ಟ ನನ್ನ ನಾದಿನಿ, ಮನೆಯಲ್ಲಿ ಕನ್ನಡ ಆಡಿದರೂ, ಓದಿದ್ದೆಲ್ಲ ಮರಾಠಿ, ಕನ್ನಡ ಅಕ್ಷರ ಆಕೆಗೆ ಬರುವುದಿಲ್ಲ. ಹಾಗಾಗಿ ಮೊಬೈಲಿನಲ್ಲಿ ನಾನು ಆಕೆಗೆ ಬರೆಯುವುದು ಮರಾಠಿಯಲ್ಲೇ. ಮದುವೆಯಾದ ಮೇಲೆ ಕಲಿತ ಮರಾಠಿ. ಅದರ ಬಗ್ಗೆ ನನಗೆ ಸ್ವಲ್ಪ ಜಂಬವೂ ಇತ್ತು.

ಆಕೆಯ ಅತ್ತೆ ತೀರಿಕೊಂಡ ದಿನ ನಾನು ಹೋಗಲಿಲ್ಲ. ಹಪ್ಪಳದ ಹಿಟ್ಟು ನಾದಿಟ್ಟಿದ್ದೆ, ಓಣಿಯ ಹೆಂಗಸರು ಲಟ್ಟಿಸಲು ಬಂದು ಕೂತಿದ್ದರು. ಕಾರಣ ಇಷ್ಟೇ, ಬರೆಯಲೂ ನಾಚಿಕೆ. ಯಜಮಾನರನ್ನು ಬಸ್ಸು ಹತ್ತಿಸಿ ಬಂದು, ನಾದಿನಿಗೆ ಒಂದು ಸಾಲು ಬರೆದೆ: ಅತ್ತೆ ಹೋದ ಸುದ್ದಿ ಕೇಳಿ ನನಗೆ ಬಹಳ ಸಂತಾಪವಾಯಿತು. ಎಲ್ಲ ಮರಾಠಿಯೇ, ಸಂತಾಪ ಒಂದನ್ನು ಬಿಟ್ಟು. ಅದು ನಮ್ಮ ಶಾಲೆಯ ಕನ್ನಡ, ಸಾವಿನ ಮನೆಯವರಿಗೆ ಹೇಳುವ ದುಃಖ. ಮರಾಠಿಯಲ್ಲಿ ಸಂತಾಪ ಎಂದರೆ ಮೈಯೆಲ್ಲ ಉರಿಯುವ ಸಿಟ್ಟು. ಅವಸರದಲ್ಲಿ ನನಗದು ಹೊಳೆಯಲೇ ಇಲ್ಲ.

ಆಕೆ ಉತ್ತರ ಕೊಡಲಿಲ್ಲ. ಎಷ್ಟು ಸೊಕ್ಕು ನೋಡು ಎಂದುಕೊಂಡು ನಾನೂ ಫೋನು ಮಾಡಲಿಲ್ಲ.

ಎರಡು ತಿಂಗಳಾದ ಮೇಲೆ ಗುಂಜೋಟಿಯಲ್ಲಿ, ಬೀಗರ ಮಗುವನ್ನು ತೊಟ್ಟಿಲಿಗೆ ಹಾಕುವ ದಿನ ಸಿಕ್ಕಳು. ಇಳಿದುಹೋಗಿದ್ದಳು. ನನ್ನನ್ನು ಹಿತ್ತಲಿಗೆ ಕರೆದೊಯ್ದು ಕೈ ಹಿಡಿದುಕೊಂಡಳು.

"ವೈನಿ, ನೀವು ಸಿಟ್ಟಾಗಿದ್ದು ಬರೋಬರ್ ಅದರಿ. ನಿಲಂಗಾದ ಡಾಕ್ಟರ್ ಕಡಿ ಒಯ್ಯಿ ಅಂತ ಎರಡು ಸಲ ಹೇಳಿದ್ರಿ. ನಾನೇ ಒಯ್ಲಿಲ್ಲ. ಅತ್ತೀಗಿ ನಾನೇ ಕೊಂದ್ನಿ."

ನನಗೆ ತಲೆಬುಡ ತಿಳಿಯಲಿಲ್ಲ. ಆಕೆ ಮೊಬೈಲು ತೆಗೆದು ನನ್ನ ಸಾಲನ್ನೇ ತೋರಿಸಿದಳು. ಓದುತ್ತಲೇ ತಪ್ಪು ಹೊಳೆಯಿತು.

"ಯವ್ವಾ, ಅದು ಕನ್ನಡದ ಸಂತಾಪ. ದುಃಖ ಆತು ಅಂತ ಬರ್ದಿದ್ನವ್ವಾ!"

ಆಕೆ ನನ್ನ ಮುಖವನ್ನೇ ನೋಡಿದಳು. "ಖರೇ ಹೇಳ್ರಿ. ಸಿಟ್ಟು ಬಂದಿದ್ದಿಲ್ಲ?"

ಬಂದಿತ್ತು. ಹಪ್ಪಳ ಲಟ್ಟಿಸುವ ಹೆಂಗಸರ ಮುಂದೆ, ನನ್ನ ಮಾತು ಕೇಳಿದ್ದರೆ ಮುದುಕಿ ಉಳಿಯುತ್ತಿದ್ದಳು ಎಂದು ಆವತ್ತು ಎಷ್ಟು ಸಲ ಅಂದೆನೋ. ನನ್ನ ಮಾತಿಗೆ ಬೆಲೆ ಸಿಗಲಿಲ್ಲವೆಂಬ ಸಿಟ್ಟು ಅದು. ಸತ್ತವಳ ಮೇಲಿನ ಮರುಕ ಅದರಲ್ಲಿ ಕಾಳಿನಷ್ಟೂ ಇರಲಿಲ್ಲ. ಹಾಸಿಗೆ ಹಿಡಿದ ಅತ್ತೆಯ ಹೇಲು ಉಚ್ಚೆ ಬಳಿದವಳು ನಾದಿನಿ. ನಾನು ಬರೀ ಬುದ್ಧಿ ಹೇಳಿದವಳು.

"ಇಲ್ಲವ್ವಾ," ಅಂದೆ. ಆಕೆ ಇನ್ನೂ ನೋಡುತ್ತಲೇ ಇದ್ದಳು. ಮರಾಠಿಯಲ್ಲೂ ಇಲ್ಲವೆಂದೆ.

ಆಗ ನಂಬಿದಳು. ಹೆಗಲಿಗೆ ತಲೆಯಿಟ್ಟು ಸಾಕಾಗುವಷ್ಟು ಅತ್ತಳು. "ನಿಮಗ ಮನಸಿನ್ಯಾಗ ಭಾಳ ಬೈದೀನ್ರಿ, ಮಾಫ್ ಮಾಡ್ರಿ ವೈನಿ," ಎಂದು ಬಗ್ಗಿ ನನ್ನ ಕಾಲು ಮುಟ್ಟಿದಳು. ನಾನು ಕಾಲು ಹಿಂದಕ್ಕೆ ತೆಗೆದುಕೊಳ್ಳಲಿಲ್ಲ.