ತಕ್ಕಡಿಯಕ್ಕನ ಮೇಲೊಂದು ದೂರು

ಕಾಲೇಜಿನ ರಸಾಯನಶಾಸ್ತ್ರ ವಿಭಾಗದ ತಕ್ಕಡಿ ಕೋಣೆಯನ್ನು ಇಪ್ಪತ್ತಾರು ವರ್ಷಗಳಿಂದ ನೋಡಿಕೊಳ್ಳುತ್ತಿರುವ ಹೆಂಗಸನ್ನು ಎಲ್ಲರೂ ತಕ್ಕಡಿಯಕ್ಕ ಎನ್ನುತ್ತಾರೆ. ಸರಿಯಾಗಿ ತೂಗುವ ತಕ್ಕಡಿಯನ್ನು ಯಾರೂ ಹೊಗಳುವುದಿಲ್ಲ. ಅದನ್ನು ನೋಡಿಕೊಳ್ಳುವವರನ್ನಂತೂ ಕೇಳುವುದೇ ಬೇಡ.

ಮೊನ್ನೆ ವಿಭಾಗದ ಪ್ರೊಫೆಸರರೊಬ್ಬರು ಗಂಟಲು ಸರಿಮಾಡಿಕೊಳ್ಳುತ್ತ ಒಳಬಂದರು. ಅವರು ತಯಾರಿಸಿದ ಕ್ವಾಟರ್ನರಿ ಅಮೋನಿಯಂ ಎಂಬ ಬಗೆಯ ಲವಣ ಲೆಕ್ಕದ ಪ್ರಕಾರ ಹತ್ತು ಗ್ರಾಂ ಮೀರುವಂತಿರಲಿಲ್ಲ. ಹತ್ತೂಮುಕ್ಕಾಲು ತೂಗಿತ್ತು. ತಪ್ಪು ತಮ್ಮದಾಗಿರಲು ಸಾಧ್ಯವೇ ಇಲ್ಲ. ಹಾಗಾಗಿ ಅದು ತಕ್ಕಡಿಯದೇ.

"ಏನಮ್ಮಾ, ನೋಡ್ಕೊಳ್ಳೋದು ಅಂದ್ರೆ ಇದೇನಾ? ತಕ್ಕಡಿ ಕೆಟ್ಟು ಕೂತಿದೆ. ಈಗಲೇ ದೂರು ಬರೀತೀನಿ," ಎಂದು ಹಾಳೆ ತೆಗೆದೇಬಿಟ್ಟರು.

ಇಷ್ಟು ವರ್ಷ ಉಳಿಸಿಕೊಂಡ ಹೆಸರು ಒಂದು ಹಾಳೆಗೆ ಹೋಗುವುದರಲ್ಲಿತ್ತು. ಅಕ್ಕ ಹತ್ತು ಗ್ರಾಮಿನ ತೂಕದ ಕಲ್ಲನ್ನು ಇಟ್ಟು ತೋರಿಸಿದಳು. ಸರಿಯಾಗಿ ಹತ್ತು. ಆಮೇಲೆ ಲವಣದ ಬಟ್ಟಲನ್ನು ಮುಚ್ಚಳ ತೆಗೆದು ಇಟ್ಟಳು.

"ಐದು ನಿಮಿಷ ಕೂತು ನೋಡಿ ಸರ್."

ಯಾರೂ ಮುಟ್ಟದಿದ್ದರೂ ಅಂಕಿ ಮೆಲ್ಲಗೆ ಏರತೊಡಗಿತು.

"ಗಾಳೀಲಿರೋ ನೀರು ಕುಡೀತಿದೆ ಸರ್. ಈ ಜಾತಿ ಉಪ್ಪುಗಳಲ್ಲಿ ತುಂಬಾ ಹೀಗೇ. ಚೆನ್ನಾಗಿ ಒಣಗಿಸಿ ತನ್ನಿ, ತೂಗಿಕೊಡ್ತೀನಿ."

ಪ್ರೊಫೆಸರರು ಹಾಳೆಯನ್ನು ನಾಲ್ಕು ಮಡಿಕೆ ಮಾಡಿ ಜೇಬಿಗೆ ಸೇರಿಸಿದರು. "ತಕ್ಕಡಿ ಪರವಾಗಿಲ್ಲ," ಎಂದರು.

"ತಕ್ಕಡಿಗೆ ಹೇಳ್ತೀನಿ ಸರ್," ಎಂದಳು ಅಕ್ಕ.