ನಾನು ಸೋಗು ಎಂದ ತಲೆನೋವು

ಆ ದಿನಗಳಲ್ಲಿ ಬೀಡಿ ಎಂಬ ಊರಿನ ನಮ್ಮ ಮನೆಯಲ್ಲಿ ಮಕ್ಕಳ ಕಾಯಿಲೆಗಳು ಎರಡೇ ಬಗೆ: ಒಂದು ಜ್ವರ, ಇನ್ನೊಂದು ಶಾಲೆ ತಪ್ಪಿಸುವ ನೆಪ. ಮೈ ಸುಡುತ್ತಿದ್ದರೆ ಕಷಾಯ, ಸುಡದಿದ್ದರೆ ಪೆಟ್ಟು. ನನಗೆ ಹನ್ನೊಂದು ವರ್ಷ, ತಂಗಿ ಸುಮಾಳಿಗೆ ಎಂಟು.

ಆ ಮಳೆಗಾಲದಲ್ಲಿ ಅವಳು ಎದ್ದ ಕೂಡಲೇ ತಲೆ ಹಿಡಿದುಕೊಂಡು ವಾಂತಿ ಮಾಡತೊಡಗಿದಳು. ಅವ್ವ ಹಾಲಿನಲ್ಲಿ ಮುರಿದು ಕೊಟ್ಟ ರೊಟ್ಟಿ ಹಾಗೇ ಹೊರಗೆ ಬರುತ್ತಿತ್ತು. ಹತ್ತು ಗಂಟೆಗೆಲ್ಲ ಸರಿಹೋಗಿ ಮತ್ತೆ ರೊಟ್ಟಿ ಕೇಳುತ್ತಿದ್ದಳು. ಅದೇ ಅವಳಿಗೆ ಮುಳುವಾಯಿತು. ಅವ್ವನಿಗೆ ಅನುಮಾನ ಬಂದು, ಇವಳಿಗೆ ಖರೇನೇ ತಲೆ ನೋಯುತ್ತದೆಯೇ ಎಂದು ನನ್ನನ್ನು ಕೇಳಿದಳು. ಹಿಂದಿನ ಸಂಜೆಯಷ್ಟೇ ಸುಮಾ ನನ್ನ ಬಣ್ಣದ ಪೆನ್ಸಿಲ್ ಮುರಿದಿದ್ದಳು.

“ಸೋಗು ಹಾಕ್ತಾಳವ್ವಾ,” ಎಂದೆ.

ಅವ್ವ ಅವಳ ಬೆನ್ನಿಗೆ ಎರಡು ಬಿಗಿದು, ಚೀಲ ಹೆಗಲಿಗೇರಿಸಿ ಶಾಲೆಗೆ ಕಳಿಸಿದಳು.

ಆಮೇಲೆ ಅವಳ ನಡಿಗೆ ಕೆಟ್ಟಿತು. ನೆಲದಲ್ಲಿ ಮನೆ ಗೀಚಿ ಒಂಟಿ ಕಾಲಲ್ಲಿ ಜಿಗಿಯುವ ಆಟದಲ್ಲಿ ನಮ್ಮನ್ನೆಲ್ಲ ಸೋಲಿಸುತ್ತಿದ್ದವಳು ಎರಡನೇ ಮನೆಗೇ ಬೀಳುತ್ತಿದ್ದಳು. ಅವಳ ಹಾಗೆ ಒಂದು ಕಡೆ ವಾಲಿ ನಡೆದು ತೋರಿಸಿದವಳು ಮೊದಲು ನಾನೇ. ಗೆಳತಿಯರು ಬಿದ್ದು ಬಿದ್ದು ನಕ್ಕರು. ಕೆಸರು ಮೆತ್ತಿದ ಮೊಣಕಾಲು ಒರೆಸಿಕೊಳ್ಳುತ್ತ ಅವಳೂ ನಕ್ಕಳು. ಮರುದಿನದಿಂದ ಓಣಿಯ ಮಕ್ಕಳೆಲ್ಲ ಹಾಗೇ ನಡೆಯತೊಡಗಿದರು. ಅವಳು ನಗುವುದನ್ನು ಬಿಟ್ಟಳು.

ಗಣಪತಿ ಹಬ್ಬ ಮುಗಿಯುವಷ್ಟರಲ್ಲಿ ಅವಳ ಒಂದು ಕಣ್ಣು ಒಳಗೆ ಸರಿದಿತ್ತು. ಒಂದು ತಟ್ಟೆ ಎರಡಾಗಿ ಕಾಣುತ್ತದೆ ಎಂದಳು. ಅಪ್ಪ ಹೆದರಿ, ಅವ್ವನನ್ನೂ ನನ್ನನ್ನೂ ಕಟ್ಟಿಕೊಂಡು, ಅವಳನ್ನು ಖಾನಾಪುರಕ್ಕೆ ಕರೆದೊಯ್ದ. ಅಲ್ಲಿನ ಡಾಕ್ಟರು ಕಣ್ಣಿಗೆ ಬ್ಯಾಟರಿ ಬಿಟ್ಟು ನೋಡಿ, ಇವತ್ತೇ ಬೆಳಗಾವಿಗೆ ಹೋಗಿ ಎಂದರು. ಬೆಳಗಾವಿಯ ದೊಡ್ಡ ಆಸ್ಪತ್ರೆಯಲ್ಲಿ ಸ್ಕ್ಯಾನ್ ಮಾಡಿದರು. ಹಿಂದಲೆಯಲ್ಲಿ ನಿಂಬೆಹಣ್ಣಿನಷ್ಟು ಗಡ್ಡೆ. ಎಷ್ಟು ದಿನದಿಂದ ಹೀಗಿದೆ ಎಂದು ಡಾಕ್ಟರು ಕೇಳಿದರು.

“ಮೂರು ತಿಂಗಳಾತ್ರಿ,” ಎಂದ ಅವ್ವ ಒಮ್ಮೆ ನನ್ನತ್ತ ನೋಡಿದಳು.

ಆಪರೇಶನ್ ಎಂಟು ತಾಸು ನಡೆಯಿತು. ತೆಗೆಯಲಾದಷ್ಟು ತೆಗೆದರು. ಉಸಿರಾಟ ನಡೆಸುವ ಜಾಗಕ್ಕೆ ಅಂಟಿದ್ದ ಚೂರನ್ನು ಮಾತ್ರ ಬಿಟ್ಟರು, ಅದನ್ನು ಮುಟ್ಟಿದ್ದರೆ ಮೇಜಿನ ಮೇಲೇ ಹೋಗುತ್ತಿದ್ದಳಂತೆ. ಗಡ್ಡೆಯ ಪರೀಕ್ಷೆಯ ವರದಿ ಬಂತು. ಕ್ಯಾನ್ಸರ್, ಅದರಲ್ಲೂ ಬಹಳ ಅಪರೂಪದ್ದು, ಬೇಗ ಬೆಳೆಯುವಂಥದ್ದು.

ಎಚ್ಚರವಾದ ದಿನ ಸುಮಾ ನೀರು ಕೇಳಿದ್ದಳು. ಮರುದಿನದಿಂದ ಮಾತೇ ನಿಂತಿತು. ಇಂಥ ಆಪರೇಶನ್ ಆದ ಕೆಲವು ಮಕ್ಕಳಿಗೆ ಹೀಗಾಗುತ್ತದೆ, ಮಾತು ಬರುತ್ತದೆ ಎಂದರು ಡಾಕ್ಟರು. ಸ್ಪಿರಿಟ್ ವಾಸನೆಯ ಆ ವಾರ್ಡಿನಲ್ಲಿ ಅವಳ ಬಾಯಿಗೆ ಚಮಚದಲ್ಲಿ ಗಂಜಿ ಹಾಕುತ್ತ ಐದು ವಾರ ಕಾದೆವು. ಒಂದು ಬೆಳಿಗ್ಗೆ, ತೊದಲುತ್ತ, ಅವಳು ನನ್ನನ್ನು ಕರೆದಳು.

“ಅಕ್ಕಾ... ನನ್ನಂಗ ನಡದು ತೋರಸು.”

ನಗಬೇಕೆನಿಸಿರಬಹುದು ಎಂದುಕೊಂಡು ಮಂಚಗಳ ನಡುವೆ ವಾಲುತ್ತ ನಡೆದೆ. ಅವಳು ನಗಲಿಲ್ಲ. “ಇನ್ನೊಮ್ಮೆ,” ಎಂದಳು. ಮತ್ತೆ ನಡೆದೆ. ಮೂರನೇ ಸಲಕ್ಕೆ ನನಗೆ ಅಳು ಬಂತು. ಅವ್ವ ಮೂಲೆಯಲ್ಲಿ ಕೂತು ನೋಡುತ್ತಿದ್ದಳು, ಸಾಕು ಎನ್ನಲಿಲ್ಲ.

ಗಡ್ಡೆ ಸುಡಲು ಕರೆಂಟು, ಅಂದರೆ ರೇಡಿಯೇಶನ್, ಕೊಡಿಸಿದೆವು, ಕೂದಲು ಹೋಯಿತು, ಗೋಡೆ ಹಿಡಿದು ನಡೆಯುವಂತಾದಳು. ಮುಂದಿನ ಮಳೆಗಾಲಕ್ಕೆ ಆ ಚೂರು ಮತ್ತೆ ಬೆಳೆದಿತ್ತು. ಇನ್ನೊಮ್ಮೆ ಕೊಯ್ದು ಪ್ರಯೋಜನವಿಲ್ಲ ಎಂದು ಮನೆಗೆ ಕಳಿಸಿದರು. ಒಂದು ಮಧ್ಯಾಹ್ನ ಅವ್ವನ ತೊಡೆಯ ಮೇಲೆ ಹೋದಳು.

ಹದಿನೇಳು ವರ್ಷಗಳಾದವು. ಅಂದಿನಿಂದ ಅವ್ವ ಯಾವ ಸಂಗತಿಯನ್ನೂ ನನ್ನಿಂದ ಕೇಳಿ ತಿಳಿದುಕೊಂಡಿಲ್ಲ. ನಾನಾಗಿ ಹೇಳಿದ್ದನ್ನೂ ಇನ್ನೊಬ್ಬರ ಹತ್ತಿರ ವಿಚಾರಿಸಿಯೇ ನಂಬುತ್ತಾಳೆ. ನನ್ನ ಮದುವೆ ಗೊತ್ತಾದ ವಾರ, ತಡೆಯಲಾರದೆ, ಅಂದು ನಾನು ಹೇಳಿದ ಸುಳ್ಳು ನೆನಪಿದೆಯೇ ಎಂದು ಕೇಳಿದೆ. ಅವ್ವ ಮೆಂತ್ಯದ ಸೊಪ್ಪು ಬಿಡಿಸುತ್ತಿದ್ದಳು, ಮುಖ ಎತ್ತಲಿಲ್ಲ.

“ನೀ ಸಣ್ಣಾಕಿ ಇದ್ದಿ. ಹೊಡದಾಕಿ ನಾನು,” ಎಂದಳು. ಬಿಡಿಸಿದ ಸೊಪ್ಪನ್ನು ಬುಟ್ಟಿಗೆ ಹಾಕಿ, “ಹಂಗಂತ ಮರತೀನಿ ಅನ್ಕೋಬ್ಯಾಡ,” ಎಂದಳು.